ಡೆಬಿಯನ್ನು, ಡಿಸ್ಕು, ಬೀರು ಕೀಲಿಕೈ

ಸೀನಿ: ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ ಮನೇಲೇ ಸರ್ವರ್ ಮಾಡ್ತೀನಿ. ಬ್ಯಾಟರಿ ಹೇಗೂ ಇದೆ, ಯುಪಿಎಸ್ ದುಡ್ಡು ಉಳೀತು.

ಪದ್ಮ: ಬ್ಯಾಟರಿ ಉಬ್ಬಿದ್ಯಾ ನೋಡು ಮೊದ್ಲು. ಟಚ್‌ಪ್ಯಾಡ್ ಮೇಲೆದ್ದಿದ್ರೆ ಅದು ಯುಪಿಎಸ್ ಅಲ್ಲ ಕಣೋ, ಪಟಾಕಿ.

ವಾಸು: ಮುಚ್ಚಳ ಮುಚ್ಚಿದ್ರೆ ನಿದ್ದೆ ಹೋಗುತ್ತೆ. ಅದನ್ನ ನೋಡ್ಕೊಳ್ಳೋ ಲಾಗಿನ್‌ಡಿ ಅನ್ನೋದರ ಕಾನ್ಫಿಗ್ ಫೈಲಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್’ಗೆ ‘ಇಗ್ನೋರ್’ ಅಂತ ಹಾಕು.

ಸೀನಿ: ಬ್ಯಾಕಪ್ಪಿಗೆ 4 ಟಿಬಿ ಹೊರಗಿನ ಡಿಸ್ಕ್ ತಂದಾಯ್ತು.

ಪದ್ಮ: ಎರಡೂವರೆ ಇಂಚಿಂದಾ, ಮೂರೂವರೆದಾ?

ಸೀನಿ: ದೊಡ್ಡದು. ಅಡಾಪ್ಟರ್ ಕೊಟ್ಟಿದಾರೆ.

ಪದ್ಮ: ಹಾಗಾದ್ರೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬದುಕಿರುತ್ತೆ, ಡಿಸ್ಕ್ ಬರೀತಾ ಬರೀತಾನೇ ಪ್ರಾಣ ಬಿಡುತ್ತೆ.

ವಾಸು: ಡಿಸ್ಕ್ ಇಲ್ದೆ ರೀಬೂಟ್ ಆದ್ರೆ ಇನ್ನೂ ಮಜ. ಬೂಟಲ್ಲಿ ಜೋಡಿಸೋ ಡಿಸ್ಕ್‌ಗಳ ಪಟ್ಟಿ ಎಫ್‌ಎಸ್‌ಟ್ಯಾಬ್‌ನಲ್ಲಿ ಅದರ ಹೆಸರಿದ್ರೆ, ಬೂಟ್ ಮಾಡಿಸೋ ಸಿಸ್ಟಮ್‌ಡಿ 90 ಸೆಕೆಂಡ್ ಕಾದು, ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂತ್ಕೊಳ್ಳುತ್ತೆ. ದೂರದಿಂದ ಲಾಗಿನ್ ಆಗೋ ಎಸ್‌ಎಸ್‌ಎಚ್ಚೂ ಇಲ್ಲ, ಏನೂ ಇಲ್ಲ. ಆ ಸಾಲಿಗೆ ‘ನೋಫೇಲ್’ ಸೇರಿಸು, ಡಿಸ್ಕ್ ಇಲ್ದಿದ್ರೂ ಬೂಟ್ ಆಗುತ್ತೆ. ಡಿಸ್ಕನ್ನ ಎಸ್‌ಡಿಬಿ ಅಂತ ಕರೀಬೇಡ, ಅದರದೇ ಗುರುತಿನ ನಂಬರ್ ಯುಯುಐಡಿ ಹಾಕು. ಎಸ್‌ಡಿಬಿಯ ಕೊನೇ ಅಕ್ಷರ ಬೂಟಿಂದ ಬೂಟಿಗೆ ಬದಲಾಗಬಹುದು.

ಸೀನಿ: ನೋಫೇಲ್ ಹಾಕಿದ್ರೆ ನೆಮ್ಮದಿ!

ಪದ್ಮ: ಇಲ್ಲೇ ಇರೋದು ಗ್ರಹಚಾರ. ಡಿಸ್ಕ್ ಬಂದಿಲ್ಲ ಅಂತ ಬ್ಯಾಕಪ್ ಸ್ಕ್ರಿಪ್ಟಿಗೇನು ಗೊತ್ತು? ಡಿಸ್ಕ್ ಜೋಡಿಸೋ ಖಾಲಿ ಫೋಲ್ಡರ್ ಇದ್ಯಲ್ಲ, ಅದಕ್ಕೇ ಸುರೀತಾ ಹೋಗುತ್ತೆ. ಸಿಸ್ಟಮ್ ಕೂತಿರೋ ರೂಟ್ ಪಾರ್ಟಿಶನ್ ಫುಲ್. ಆಮೇಲೆ ನೀನು ಡಿಸ್ಕನ್ನ ಆ ಫೋಲ್ಡರಿಗೆ ಮೌಂಟ್ ಮಾಡ್ತೀಯ, ಅಂದ್ರೆ ಜೋಡಿಸ್ತೀಯ, ಆ ಫೈಲ್‌ಗಳೆಲ್ಲ ಅದರ ಅಡಿಗೆ ಹೋಗಿಬಿಡ್ತವೆ. ಜಾಗ ಎಷ್ಟು ತುಂಬಿದೆ ಅಂತ ಹೇಳೋ ‘ಡಿಎಫ್’ ನೂರು ಪರ್ಸೆಂಟ್ ಅನ್ನುತ್ತೆ, ಫೈಲ್‌ಗಳನ್ನ ಕೂಡಿ ಲೆಕ್ಕ ಹಾಕೋ ‘ಡಿಯು’ಗೆ ಏನೂ ಸಿಗಲ್ಲ.

ಸೀನಿ: ಎರಡೂ ಸುಳ್ಳು ಹೇಳ್ತವಾ?

ವಾಸು: ಎರಡೂ ನಿಜಾನೇ ಹೇಳ್ತವೆ, ಅದೇ ತೊಂದ್ರೆ. ಡಿಸ್ಕ್ ಅನ್‌ಮೌಂಟ್ ಮಾಡಿ ಆ ಫೋಲ್ಡರ್ ಒಳಗೆ ನೋಡು, ಬಚ್ಚಿಟ್ಕೊಂಡಿದ್ದೆಲ್ಲ ಈಚೆಗೆ ಬರುತ್ತೆ. ಮುಂದಕ್ಕೆ ಹೀಗಾಗಬಾರ್ದು ಅಂದ್ರೆ ಸ್ಕ್ರಿಪ್ಟಿನ ಮೊದಲನೇ ಸಾಲಲ್ಲೇ ‘ಮೌಂಟ್‌ಪಾಯಿಂಟ್’ ಕಮ್ಯಾಂಡಿಂದ ಡಿಸ್ಕ್ ಇದ್ಯಾ ಕೇಳು, ಇಲ್ಲಾಂದ್ರೆ ಎಗ್ಸಿಟ್. ಅನ್‌ಮೌಂಟ್ ಆಗಿರೋವಾಗ್ಲೇ ಖಾಲಿ ಫೋಲ್ಡರಿಗೆ ‘ಚ್ಯಾಟರ್’ ಪ್ಲಸ್ ಐ (chattr +i) ಅನ್ನೋ ಬೀಗ ಹಾಕಿಟ್ರೆ, ಎಲ್ಲ ಅಧಿಕಾರ ಇರೋ ರೂಟ್ ಯೂಸರ್ ಬಂದ್ರೂ ಬರೆಯೋಕಾಗಲ್ಲ.

ಪದ್ಮ: ತಿಂಗಳಿಗೊಂದ್ಸಲ ಬ್ಯಾಕಪ್ಪಿಂದ ನಾಲ್ಕು ಫೈಲ್ ವಾಪಸ್ ತೆಗೆದು ಬೇರೆ ಕಡೆ ಇಟ್ಟು, ಓಪನ್ ಮಾಡಿ ನೋಡು. ಬ್ಯಾಕಪ್ ಯಾವ್ದರಲ್ಲಿ?

ಸೀನಿ: ರೆಸ್ಟಿಕ್, ಪಾಸ್‌ವರ್ಡ್ ಬೀಗ ಹಾಕಿ ಬ್ಯಾಕಪ್ ಮಾಡೋ ಸಾಫ್ಟ್‌ವೇರು. ಪಾಸ್‌ವರ್ಡ್ ಫೈಲ್ ಮಾಡಿ ಸರ್ವರ್‌ನಲ್ಲೇ ಭದ್ರವಾಗಿ ಇಟ್ಟಿದೀನಿ.

ವಾಸು: ಅಲ್ಲಿ ಮಾತ್ರಾನಾ? ಸರ್ವರ್ ಸತ್ತ ದಿನ ಪಾಸ್‌ವರ್ಡೂ ಸಾಯುತ್ತೆ. ಅದಿಲ್ದೆ ರೆಸ್ಟಿಕ್ ಬ್ಯಾಕಪ್ ತೆಗೆಯೋಕೆ ಯಾರಪ್ಪನ ಕೈಲೂ ಆಗಲ್ಲ. ಚೀಟೀಲಿ ಬರ್ದು ಬೀರುಲಿಡು.

ಸೀನಿ: ಬೀರು ಕೀ ಅಮ್ಮನ ಸೆರಗಲ್ಲಿರುತ್ತೆ.

ಪದ್ಮ: ಹಂಗಾದ್ರೆ ರೂಟ್ ಆಕ್ಸೆಸ್ ಅವರ್ದೇ ಬಿಡು!