ಸ್ಟ್ಯಾಟಿಕ್ ಇಟ್ಟರೆ ಎಲ್ಲ ಸರಕಿಗೂ ಒಂದೇ ಲೆಕ್ಕ, ತೆಗೆದರೆ ಎರರ್

ಹೇಮಾವತಿ_ದಂಡೆ (ಹಾಸನ)

3ನೇ ಸೆಮಿಸ್ಟರ್ ಜಾವಾ ಮಿನಿ ಪ್ರಾಜೆಕ್ಟ್. ಕಾಫಿ ವ್ಯಾಪಾರಿಯ ಬಿಲ್ ಹಾಕುವ ಪ್ರೋಗ್ರಾಂ. ‘ಕಾಫಿ’ ಅಂತ ಒಂದು ಕ್ಲಾಸ್ (ಆಬ್ಜೆಕ್ಟ್ ಮಾಡುವ ಅಚ್ಚು). ಅದರಲ್ಲಿ ವಿಧ, ಮೂಟೆ, ದರ ಎಂಬ ಮೂರು ಫೀಲ್ಡ್, ಮೂರೂ ಸ್ಟ್ಯಾಟಿಕ್. ಮುದ್ರಿಸು() ಮೆಥಡ್ ಕೂಡ ಸ್ಟ್ಯಾಟಿಕ್. ಮೇನ್ (ಪ್ರೋಗ್ರಾಂ ಶುರುವಾಗುವ ಮೆಥಡ್) ಅದೇ ಕ್ಲಾಸಿನೊಳಗಿದೆ. 40, 25, 12 ಮೂಟೆಯ ಮೂರು ಆಬ್ಜೆಕ್ಟ್ ಮಾಡಿ ಪ್ರಿಂಟ್ ಕೊಟ್ಟರೆ ಮೂರಕ್ಕೂ 12 ಬರುತ್ತದೆ. ಸ್ಟ್ಯಾಟಿಕ್ ಕಿತ್ತರೆ ‘ನಾನ್-ಸ್ಟ್ಯಾಟಿಕ್ ವೇರಿಯಬಲ್ ಮೂಟೆ ಕ್ಯಾನಾಟ್ ಬಿ ರೆಫರೆನ್ಸ್ಡ್ ಫ್ರಮ್ ಎ ಸ್ಟ್ಯಾಟಿಕ್ ಕಾಂಟೆಕ್ಸ್ಟ್’ ಅಂತ ಬೈಯುತ್ತದೆ.

ಇನ್ನೊಂದು. ಬೆಲೆ ಲೆಕ್ಕಕ್ಕೆ ಉದ್ದ ಇಫ್-ಎಲ್ಸ್ ಬರೆದಿದ್ದೆ, ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನದನ್ನು ಇನ್ನೊಂದು ಬಳುವಳಿಯಾಗಿ ಪಡೆಯುವುದು) ಬಳಸಿ ಅಂತ ಕಾಲೇಜಿನಲ್ಲಿ ಅಂದರು. ಕಾಫಿಯ ಕೆಳಗೆ ಅರೇಬಿಕಾ ಮತ್ತು ರೋಬಸ್ಟಾ, ಅವೆರಡರ ಕೆಳಗೂ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು) ಮತ್ತು ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಅಂತ ಮಾಡಿ ಒಟ್ಟು 7 ಕ್ಲಾಸ್ ಆಯಿತು. ಕೊನೆಯ ನಾಲ್ಕರಲ್ಲೂ ಹೆಚ್ಚುಕಡಿಮೆ ಅದೇ ಕೋಡ್. ಇದು ಸರಿಯಾ?

ಬೇಲೂರು_ಬೈಟ್

ಮೊದಲು ಸ್ಟ್ಯಾಟಿಕ್ ವಿಷಯ. ಸ್ಟ್ಯಾಟಿಕ್ ಫೀಲ್ಡ್ ಕ್ಲಾಸಿಗೆ ಒಂದೇ. ಆಬ್ಜೆಕ್ಟ್ ಮೂರಿರಲಿ ಮುನ್ನೂರಿರಲಿ, ಎಲ್ಲರೂ ಅದೇ ಒಂದು ಜಾಗಕ್ಕೆ ಬರೆಯುತ್ತಾರೆ. ನಿಮ್ಮ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಫೀಲ್ಡ್ ತುಂಬುವ ಕೋಡ್) ಮೂರನೇ ಸಲ ಓಡಿ 12 ಅಂತ ಬರೆದಾಗ 40 ಮತ್ತು 25 ಅಳಿಸಿಹೋದವು.

ಎರರ್ ಬರುವುದಕ್ಕೂ ಬೇರು ಅಲ್ಲೇ ಇದೆ. ಸ್ಟ್ಯಾಟಿಕ್ ಮೆಥಡ್‌ಗೆ ‘ದಿಸ್’ (ಯಾವ ಆಬ್ಜೆಕ್ಟಿನ ಮೇಲೆ ಕರೆದರೋ ಅದು) ಇರುವುದಿಲ್ಲ. ಫೀಲ್ಡಿನ ಸ್ಟ್ಯಾಟಿಕ್ ಮಾತ್ರ ತೆಗೆದು ಮುದ್ರಿಸು()ವಿನದನ್ನು ಬಿಟ್ಟಿದ್ದೀರಿ. ಅಲ್ಲಿ ಬರೀ ‘ಮೂಟೆ’ ಎಂದರೆ ಯಾವ ಆಬ್ಜೆಕ್ಟಿನ ಮೂಟೆ ಎಂದು ಕಂಪೈಲರ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಹೆಚ್ಚಿನವರು ಈ ಎರರ್ ನೋಡಿ ಹೆದರಿ ಸ್ಟ್ಯಾಟಿಕ್ ಅನ್ನು ವಾಪಸ್ ಅಂಟಿಸುತ್ತಾರೆ. ಎರರ್ ಹೋಗುತ್ತದೆ, ಆದರೆ ಅದರೊಂದಿಗೆ ಆಬ್ಜೆಕ್ಟ್ ಎಂಬುದೂ ಹೋಗಿರುತ್ತದೆ.

ಮಾಡಬೇಕಾದ್ದು: ಮೂರೂ ಫೀಲ್ಡಿನಿಂದ ಮತ್ತು ಮುದ್ರಿಸು()ವಿನಿಂದ ಸ್ಟ್ಯಾಟಿಕ್ ತೆಗೆಯಿರಿ. ಮೇನ್ ಅನ್ನು ‘ಬಿಲ್‌ಪರೀಕ್ಷೆ’ ಎಂಬ ಬೇರೆ ಕ್ಲಾಸಿಗೆ, ಬೇರೆ ಫೈಲಿಗೆ ಒಯ್ಯಿರಿ. ಅಲ್ಲಿಂದ ಮೊದಲನೆಯದು.ಮುದ್ರಿಸು(), ಎರಡನೆಯದು.ಮುದ್ರಿಸು() ಎಂದು ಆಬ್ಜೆಕ್ಟ್ ಹೆಸರು ಹಿಡಿದು ಕರೆಯಿರಿ. ಮೇನ್ ಬೇರೆ ಕಡೆ ಇದ್ದರೆ ಈ ತಪ್ಪಿಗೆ ಅವಕಾಶ ಕಡಿಮೆ. ಸರಿಯಾಯಿತೇ ಎಂದು ನೋಡಲು ಎರಡು ಆಬ್ಜೆಕ್ಟ್ ಸಾಕು: ಎರಡನೆಯದನ್ನು ಮಾಡಿದ ಮೇಲೆ ಮೊದಲನೆಯದನ್ನು ಪ್ರಿಂಟ್ ಮಾಡಿ. ಒಂದೊಂದಾಗಿ ಮಾಡಿ ಆಗಲೇ ಪ್ರಿಂಟ್ ಮಾಡಿದರೆ ಈ ತಪ್ಪು ಕಾಣಿಸದು.

ಈಗ ಇನ್ನೊಂದು ಗುಂಡಿ ಕಾದಿರುತ್ತದೆ. ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರಿಗೂ ‘ಮೂಟೆ’ ಅಂತಲೇ ಹೆಸರಿಟ್ಟು ಮೂಟೆ = ಮೂಟೆ ಎಂದು ಬರೆದರೆ ಪ್ಯಾರಾಮೀಟರ್ ತನ್ನನ್ನೇ ತನಗೆ ಕೊಟ್ಟುಕೊಳ್ಳುತ್ತದೆ, ಫೀಲ್ಡ್ 0 ಆಗಿಯೇ ಉಳಿಯುತ್ತದೆ. ಕಂಪೈಲರ್ ತುಟಿ ಬಿಚ್ಚುವುದಿಲ್ಲ. ದಿಸ್.ಮೂಟೆ = ಮೂಟೆ ಎಂದೇ ಬರೆಯಿರಿ.

(ಜಾವಾದಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಡಬಹುದು, ಕೀವರ್ಡ್ ಮಾತ್ರ ಇಂಗ್ಲಿಷಿನವು. ವಿಂಡೋಸ್‌ನಲ್ಲಿ ಜಾವಾ ಕಿಟ್ ಆದ ಜೆಡಿಕೆ 18ಕ್ಕಿಂತ ಹಳೆಯದಿದ್ದರೆ ಕಂಪೈಲ್ ಮಾಡುವಾಗ ಅಕ್ಷರಗಳ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಬೇಕು, 18ರಿಂದ ಅದೇ ಡೀಫಾಲ್ಟ್. ಲ್ಯಾಬ್ ಪರೀಕ್ಷೆಯಲ್ಲಿ ಮಾತ್ರ ಈ ಪ್ರಯೋಗ ಬೇಡ.)

ಕೆಮ್ಮಣ್ಣುಗುಂಡಿ (ಚಿಕ್ಕಮಗಳೂರು)

7 ಕ್ಲಾಸ್ ಬೇಡ ಮಾರಾಯ್ರೆ. ತೋಟದಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟು ಕ್ಲಾಸ್ ಮಾಡಲು ಹೊರಟಿದ್ದೀರಿ. ನೋಡಬೇಕಾದ್ದು ಹೆಸರನ್ನಲ್ಲ, ಲೆಕ್ಕ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು.

ನಮ್ಮ ಕಡೆ ವ್ಯಾಪಾರ ಹೇಗೆ? ಪಾರ್ಚ್‌ಮೆಂಟಿಗೆ 50 ಕೆಜಿ ಮೂಟೆಗೆ ಇಷ್ಟು ಎಂದು ದರ. ರೋಬಸ್ಟಾ ಚೆರಿಗೆ ಓಟಿ (ಔಟ್‌ಟರ್ನ್) ಲೆಕ್ಕ: 50 ಕೆಜಿ ಒಣ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದು ಓಟಿ, ದರ ಒಂದು ಓಟಿಗೆ ಇಷ್ಟು. ಓಟಿ 26, ದರ 200 ಎಂದು ಸುಮ್ಮನೆ ಇಟ್ಟುಕೊಳ್ಳಿ. ಮೂಟೆಗೆ 5,200, ನಿಮ್ಮ 40 ಮೂಟೆಗೆ 2,08,000. ಅಂದರೆ ಲೆಕ್ಕದ ಕ್ರಮ ಇರುವುದು ಎರಡೇ, ಹಾಗಾಗಿ ತಂದೆ ಕ್ಲಾಸ್ ಒಂದು, ಅದರಿಂದ ಹುಟ್ಟುವ ಮಗ ಕ್ಲಾಸೂ ಎರಡೇ:

ಆಬ್‌ಸ್ಟ್ರಾಕ್ಟ್ ಕ್ಲಾಸ್ ಸರಕು: ಫೀಲ್ಡ್ ವಿಧ, ಮೂಟೆ, ದರ, ಆಬ್‌ಸ್ಟ್ರಾಕ್ಟ್ ಮೆಥಡ್ ಬೆಲೆ() (ಇಲ್ಲಿ ಹೆಸರಷ್ಟೇ, ಲೆಕ್ಕ ಮಗ ಕ್ಲಾಸಿನಲ್ಲಿ)
ಮೂಟೆಸರಕು ಎಕ್ಸ್‌ಟೆಂಡ್ಸ್ ಸರಕು: ಬೆಲೆ() = ಮೂಟೆ × ದರ
ಓಟಿಸರಕು ಎಕ್ಸ್‌ಟೆಂಡ್ಸ್ ಸರಕು: ಹೆಚ್ಚಿನ ಫೀಲ್ಡ್ ಓಟಿ; ಬೆಲೆ() = ಮೂಟೆ × ಓಟಿ × ದರ

ಅರೇಬಿಕಾ, ರೋಬಸ್ಟಾ ಎಂಬುದು ‘ವಿಧ’ ಎಂಬ ಫೀಲ್ಡಿನ ಮೌಲ್ಯ ಅಷ್ಟೇ. ಅದನ್ನು ಈನಮ್ (ಮೊದಲೇ ಗೊತ್ತುಪಡಿಸಿದ ಹೆಸರುಗಳ ಪಟ್ಟಿ) ಮಾಡಿ. ಸ್ಟ್ರಿಂಗ್ (ಬರೀ ಪಠ್ಯ) ಇಟ್ಟರೆ ಒಬ್ಬರು ‘ರೋಬಸ್ಟಾ’, ಇನ್ನೊಬ್ಬರು ‘ರೊಬಸ್ಟ’ ಎಂದು ಟೈಪ್ ಮಾಡುತ್ತಾರೆ. ಹೋಲಿಸುವಾಗ ಈಕ್ವಲ್ಸ್ ಬದಲು == ಹಾಕಿ ಕೆಡುವುದು ಬೇರೆ.

ಬಿಲ್ ಕ್ಲಾಸಿನೊಳಗೆ ಅರೇಲಿಸ್ಟ್ (ಜಾವಾದ ಪಟ್ಟಿ) ಇರಲಿ, ಅದರಲ್ಲಿ ಸರಕುಗಳಿರಲಿ. ಲೂಪಿನಲ್ಲಿ ಒಟ್ಟು += ಸ.ಬೆಲೆ() ಎಂಬ ಒಂದೇ ಸಾಲು. ಇಫ್-ಎಲ್ಸ್ ಹೋಯಿತು. ನಾಳೆ ಕರಿಮೆಣಸು ಸೇರಿಸಿದರೆ ಕೆಜಿ ದರದ ಒಂದು ಹೊಸ ಕ್ಲಾಸ್ ಬರುತ್ತದೆ, ಬಿಲ್ ಕ್ಲಾಸ್ ಮುಟ್ಟಬೇಕಾಗಿಲ್ಲ. ಇದನ್ನು ಬಾಯಲ್ಲಿ ಹೇಳಲು ಬಂದರೆ ವೈವಾದಲ್ಲಿ ಪಾಲಿಮಾರ್ಫಿಸಂ ಪ್ರಶ್ನೆ ಮುಗಿದ ಹಾಗೆ. ಬಿಲ್ ಅನ್ನೇ ಅರೇಲಿಸ್ಟಿನಿಂದ ಎಕ್ಸ್‌ಟೆಂಡ್ ಮಾಡಬೇಡಿ. ಬಿಲ್ಲಿನಲ್ಲಿ ಪಟ್ಟಿ ಇದೆ, ಬಿಲ್ಲೇ ಪಟ್ಟಿಯಲ್ಲ.

ಒಗ್ಗರಣೆ_ಕೋಡ್

ಮೇಲಿನವರು ಹೇಳಿದ್ದು ಪ್ರಾಜೆಕ್ಟಿಗೆ ಸಾಕು, ಆದರೆ ನನಗೆ ಒಂದು ತಕರಾರಿದೆ. ಅದೇ ಚೆರಿಯನ್ನು ಓಟಿ ಬಿಟ್ಟು ಮೂಟೆ ಲೆಕ್ಕದಲ್ಲಿ ಕೊಳ್ಳುತ್ತೇನೆ ಎಂದು ವ್ಯಾಪಾರಿ ಹೇಳಿದರೆ? ಜಾವಾದಲ್ಲಿ ಆಬ್ಜೆಕ್ಟ್ ಒಮ್ಮೆ ಹುಟ್ಟಿದ ಮೇಲೆ ಅದರ ಕ್ಲಾಸ್ ಬದಲಾಗದು. ಬದಲಾಗುವುದು ದರದ ಕ್ರಮ, ಕಾಫಿಯಲ್ಲ. ಹಾಗಾಗಿ ಯಾವ ಮೆಥಡ್ ಇರಬೇಕು ಎಂದಷ್ಟೇ ಹೇಳುವ ‘ದರಕ್ರಮ’ ಎಂಬ ಇಂಟರ್‌ಫೇಸ್ ಮಾಡಿ, ಸರಕಿನೊಳಗೆ ಅದನ್ನು ಒಂದು ಫೀಲ್ಡ್ ಆಗಿ ಇಡುವುದು ಒಳ್ಳೆಯದು. ಇನ್‌ಹೆರಿಟೆನ್ಸ್ ತೋರಿಸಲೇಬೇಕು ಎಂದಿದ್ದರೆ ಮಾತ್ರ ಮೇಲಿನ ದಾರಿ.

ಪ್ರತಿ ಓವರ್‌ರೈಡಿನ (ತಂದೆಯ ಮೆಥಡನ್ನು ಮಗ ತನ್ನದಾಗಿ ಮತ್ತೆ ಬರೆಯುವುದು) ತಲೆಯ ಮೇಲೆ @ಓವರ್‌ರೈಡ್ ಬರೆಯಿರಿ. ತಂದೆ ಕ್ಲಾಸಿನಲ್ಲಿ ಬೆಲೆ() ಮಾಮೂಲಿ ಮೆಥಡ್ ಆಗಿದ್ದು ಮಗ ಬೆಲೆ(ಡಬಲ್ ಓಟಿ) ಎಂದು ಬರೆದರೆ ಅದು ಅದೇ ಹೆಸರಿನ ಬೇರೆ ಮೆಥಡ್, ಅಂದರೆ ಓವರ್‌ಲೋಡ್. ಲೂಪಿನಲ್ಲಿ ತಂದೆಯದೇ ಓಡುತ್ತದೆ, ಎರರ್ ಇಲ್ಲ, ಬಿಲ್ ಮಾತ್ರ ತಪ್ಪು. ಓವರ್‌ಲೋಡಿನಲ್ಲಿ ಯಾವ ರೂಪದ ಮೆಥಡ್ ಎಂಬುದು ಕಂಪೈಲ್ ಆಗುವಾಗಲೇ, ವೇರಿಯಬಲ್ಲಿನ ಟೈಪ್ ನೋಡಿ ತೀರ್ಮಾನವಾಗುತ್ತದೆ. ಓವರ್‌ರೈಡಿನಲ್ಲಿ ಯಾರ ಮೆಥಡ್ ಎಂಬುದು ಓಡುವಾಗ, ನಿಜವಾದ ಆಬ್ಜೆಕ್ಟ್ ನೋಡಿ.

ಓಟಿಯನ್ನು ಸ್ಯಾಂಪಲ್ಲಿನಿಂದ ಲೆಕ್ಕ ಹಾಕಿಸುವಿರಾದರೆ ಇಂಟ್ (ಪೂರ್ಣಾಂಕ) ಭಾಗಾಕಾರದ ಮೇಲೆ ಕಣ್ಣಿಡಿ. 1000 ಗ್ರಾಂ ಚೆರಿಗೆ 530 ಗ್ರಾಂ ಬೀಜ ಬಂತು ಎನ್ನಿ. 530 / 1000 * 50 ಬರೆದರೆ ಉತ್ತರ 0. 530 * 50 / 1000 ಬರೆದರೆ 26. ಸರಿ ಉತ್ತರ 26.5, ಅದಕ್ಕೆ 530.0 ಎಂದು ಬರೆಯಬೇಕು. ಅರ್ಧ ಓಟಿ ತಾನೇ ಎನ್ನಬೇಡಿ, 200ರ ದರದಲ್ಲಿ 40 ಮೂಟೆಗೆ 4,000 ರೂಪಾಯಿ ಹೋಯಿತು. ಕೊನೆಯ ಮೊತ್ತವನ್ನು ದಶಮಾಂಶದ ಡಬಲ್‌ನಲ್ಲಿ ಇಡದೆ ಪೈಸೆಯಾಗಿಸಿ ಪೂರ್ಣಾಂಕದ ಲಾಂಗ್‌ನಲ್ಲಿ ಇಡಿ. 0.1 + 0.2 ಅನ್ನು ಡಬಲ್‌ನಲ್ಲಿ ಕೂಡಿದರೆ 0.30000000000000004 ಬರುತ್ತದೆ.

ವೈವಾದಲ್ಲಿ ‘ಮೊದಲ ಊಪ್ಸ್ (ಆಬ್ಜೆಕ್ಟ್ ಓರಿಯೆಂಟೆಡ್) ಭಾಷೆ ಯಾವುದು’ ಅಂದರೆ ಸಿ++ ಎನ್ನಬೇಡಿ. ಕ್ಲಾಸ್, ಇನ್‌ಹೆರಿಟೆನ್ಸ್ ಎರಡೂ ಬಂದದ್ದು ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಮಾಡಿದ ಸಿಮ್ಯುಲಾ 67ರಲ್ಲಿ. ಜಾವಾ ಹೊರಬಂದದ್ದು 1995ರಲ್ಲಿ.

ಹೇಮಾವತಿ_ದಂಡೆ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸ್ಟ್ಯಾಟಿಕ್ ಸರಿಹೋಯಿತು, ಎರಡು ಕ್ಲಾಸಿನ ದಾರಿ ಹಿಡಿದೆ. ಮೂಟೆಸರಕಿಗೆ ಮೊತ್ತ ಸರಿ ಬರುತ್ತಿದೆ, ಓಟಿಸರಕಿಗೆ ಮಾತ್ರ 0.0. @ಓವರ್‌ರೈಡ್ ಇದೆ, ದಿಸ್.ಓಟಿ = ಓಟಿ ಕೂಡ ಇದೆ. ಸರಕು ಕನ್‌ಸ್ಟ್ರಕ್ಟರಿನ ಕೊನೇ ಸಾಲು: ದಿಸ್.ಮೊತ್ತ = ಬೆಲೆ().

ಬೇಲೂರು_ಬೈಟ್

ಆ ಕೊನೇ ಸಾಲೇ ಕಾರಣ. ಓಟಿಸರಕು ಹುಟ್ಟುವಾಗ ಮೊದಲು ಓಡುವುದು ಸೂಪರ್(...), ಅಂದರೆ ತಂದೆಯ ಕನ್‌ಸ್ಟ್ರಕ್ಟರ್. ಅದು ಕರೆದ ಬೆಲೆ() ಓವರ್‌ರೈಡ್ ಆಗಿರುವುದರಿಂದ ಮಗನದೇ ಓಡುತ್ತದೆ. ಆ ಹೊತ್ತಿಗೆ ಮಗನ ದಿಸ್.ಓಟಿ = ಓಟಿ ಸಾಲು ಇನ್ನೂ ಬಂದಿಲ್ಲ, ಓಟಿ 0.0. ಸೊನ್ನೆಯಿಂದ ಗುಣಿಸಿದ್ದು ಸೊನ್ನೆ. ಮೂಟೆಸರಕಿಗೆ ಬೇಕಾದ ಮೂಟೆ, ದರ ಎರಡೂ ತಂದೆಯಲ್ಲೇ ತುಂಬಿರುವುದರಿಂದ ಅದು ಬಚಾವಾಯಿತು.

‘ಮೊತ್ತ’ ಫೀಲ್ಡನ್ನೇ ತೆಗೆದುಹಾಕಿ. ಬೇಕಾದಾಗ ಬೆಲೆ() ಕರೆಯಿರಿ. ದರ ತಿದ್ದಿದರೂ ಆಗ ಹಳೇ ಮೊತ್ತ ಉಳಿದುಕೊಳ್ಳುವುದಿಲ್ಲ.

ಹೇಮಾವತಿ_ದಂಡೆ

ತೆಗೆದೆ. 208000.0 ಬಂತು. ಪೈಸೆ ಲೆಕ್ಕಕ್ಕೆ ಬದಲಿಸುವುದೊಂದು ಬಾಕಿ.