‘ವೆಟ್‌ಸೂಟ್ ಕಡ್ಡಾಯ’ ಅಂತೆ!

(ಹಾಸನದ ಹಳೇ ವಿದ್ಯಾರ್ಥಿಗಳ ಗುಂಪು, ಭಾನುವಾರ ಬೆಳಿಗ್ಗೆ)

ಮಂಜು: [ಪೋಸ್ಟರ್] ಹೇಮಾವತಿ ಹಿನ್ನೀರಲ್ಲಿ ಟ್ರಯಾಥ್ಲಾನ್! 1.5 ಕಿ.ಮೀ. ಈಜು, 40 ಸೈಕಲ್, 10 ಓಟ. ‘ಅಂತರರಾಷ್ಟ್ರೀಯ ನಿಯಮ, ವೆಟ್‌ಸೂಟ್ ಕಡ್ಡಾಯ’, ಅದೇ ಮೈಗಂಟೋ ರಬ್ಬರ್ ಈಜುಡುಗೆ. ಎಲ್ರೂ ಫಾರ್ವರ್ಡ್ ಮಾಡ್ರಪ್ಪಾ.

ಶ್ವೇತಾ: ಮಾಡೋಕೆ ಮುಂಚೆ ಓದೋ. ಅಳತೆ ಸರಿ, 2000ದ ಸಿಡ್ನಿ ಒಲಿಂಪಿಕ್ಸ್‌ನಿಂದಲೂ ಅದೇ. ವೆಟ್‌ಸೂಟ್ ಮಾತ್ರ ಪೂರ್ತಿ ಉಲ್ಟಾ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಟ್ರಯಾಥ್ಲಾನ್ ನಿಯಮದಲ್ಲಿ ಏಜ್ ಗ್ರೂಪ್‌ನವರಿಗೆ, ಅಂದ್ರೆ ವಯಸ್ಸಿನ ಗುಂಪಲ್ಲಿ ಸ್ಪರ್ಧಿಸೋ ನಮ್ಮಂಥ ಹವ್ಯಾಸಿಗಳಿಗೆ, 1500 ಮೀಟರ್ ಈಜಿನವರೆಗೆ ನೀರು 22 ಡಿಗ್ರಿ ಮುಟ್ಟಿದ್ರೆ ವೆಟ್‌ಸೂಟ್ ಹಾಕೋ ಹಾಗೇ ಇಲ್ಲ. ಕಡ್ಡಾಯ ಆಗೋದು 16ಕ್ಕಿಂತ ಕೆಳಗೆ. ಇದೇನು ಹಿಮಾಲಯದ ಕೆರೆನಾ?

ಮಂಜು: ತೇಲೋಕೆ ಸಹಾಯ ಆಗುತ್ತಲ್ವೇನೇ? ಹೊಸಬರಿಗೆ ಸೇಫ್.

ರವಿ: ತೇಲಿಸುತ್ತೆ, ಬೇಯಿಸುತ್ತೆ ಕೂಡ. ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಕೈ ಬೀಸಿದ್ರೆ ಮೈಶಾಖ ಆ ರಬ್ಬರ್ ದಾಟಿ ಹೊರಗೆ ಹೋಗಲ್ಲ, ನೀರಲ್ಲೇ ತಲೆ ಸುತ್ತುತ್ತೆ.

ಶ್ವೇತಾ: ಉಷ್ಣತೆ ಅಳೆಯೋದೂ ದಡದಲ್ಲಿ ಬೆರಳದ್ದಿ ಅಲ್ಲ. ಸ್ಪರ್ಧೆ ದಿನ ಶುರುವಿಗೆ ಒಂದು ಗಂಟೆ ಮುಂಚೆ, 60 ಸೆಂ.ಮೀ. ಆಳದಲ್ಲಿ. ಮೇಲ್ಪದರ ಬಿಸಿಲಿಗೆ ಬೇಗ ಕಾಯುತ್ತೆ, ಅದನ್ನ ನಂಬೋ ಹಾಗಿಲ್ಲ.

ಹರೀಶ: ನಮ್ಮ ಕ್ಲಬ್‌ನೋರೇ ಮಾಡ್ತಿರೋದು ಗುರು. ಟ್ರಯಾಥ್ಲಾನ್ ಫೆಡರೇಷನ್‌ಗೂ ಬರೆದಿಲ್ಲ. ಕಾಸು ಕಟ್ಟಿಸ್ಕೊಂಡು ಸೀಲ್ ಒತ್ತೋದು ಬಿಟ್ರೆ ಅವರೇನ್ಮಾಡ್ತಾರೆ?

ರವಿ: ಫೆಡರೇಷನ್ ಕಡೆಯಿಂದ ಟೆಕ್ನಿಕಲ್ ಅಫಿಷಿಯಲ್, ಅಂದ್ರೆ ನಿಯಮ ನೋಡ್ಕೊಳ್ಳೋರು ಬಂದ್ರೆ, ನೀರು ಸರಿಯಿಲ್ಲದಾಗ ಈಜು ಬೇಡ ಅನ್ನೋ ಮಾತು ಅವರದ್ದು, ಸ್ಪಾನ್ಸರ್ ಮುಖ ನೋಡ್ಕೊಂಡು ಕೂತಿರೋ ನಿಮ್ಮದಲ್ಲ. ಈಜು ಬಿಟ್ಟು ಓಟ-ಸೈಕಲ್-ಓಟ ಮಾಡಿಸ್ತಾರೆ, ಡ್ಯುಯಾಥ್ಲಾನ್. ಈ ಜಾಗಕ್ಕೆ ಅಂಥವರು ಬೇಕೇ ಬೇಕು. ಇದೇ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುತ್ತಲ್ಲ, ನೀರು ಅಷ್ಟು ಏರಿಳಿಯುತ್ತೆ. ಮಟ್ಟ ಇಳಿದ್ರೆ ಲಂಗರಿನ ಹಗ್ಗ ಸಡಿಲಾಗಿ ಬೋಯ್, ಅಂದ್ರೆ ಈಜಿನ ದಾರಿ ತೋರಿಸೋ ತೇಲುಬುರುಡೆ, ಗಾಳಿಗೆ ಜರುಗುತ್ತೆ, ಈಜಿನ ಅಳತೆ ಕೆಡುತ್ತೆ. ಬೆಳಿಗ್ಗೆ ಮತ್ತೆ ಹಗ್ಗ ಬಿಗಿದು ಅಳೀಬೇಕು. ದಡದಲ್ಲಿ ಕೆಸರು ಮೊಣಕಾಲವರೆಗೆ. ಮ್ಯಾಟ್ ಹಾಸದಿದ್ರೆ ಹೊರಗೆ ಬರೋವಾಗ್ಲೇ ಕಾಲು ಉಳುಕುತ್ತೆ.

ಹರೀಶ: ಲೋಕಲ್ ಮೋಜಪ್ಪಾ ಇದು. ನ್ಯಾಷನಲ್ ಗೇಮ್ಸ್ ಅಲ್ಲ.

ಶ್ವೇತಾ: ಹೆಲ್ಮೆಟ್ ಸಾಲು ಯಾರು ಬರೆದಿದ್ದು? ‘ಸೈಕಲ್ ಹತ್ತಿದ ಮೇಲೆ ಧರಿಸಿ’. ಸೈಕಲ್ ನಿಲ್ಲಿಸೋ ರ್‍ಯಾಕಿಂದ ಅದನ್ನ ತೆಗೆಯೋ ಮುಂಚೆ ಹೆಲ್ಮೆಟ್‌ನ ಗಲ್ಲದ ಪಟ್ಟಿ ಬಿಗಿದಿರ್ಬೇಕು, ವಾಪಸ್ ರ್‍ಯಾಕಿಗೆ ಹಾಕೋವರೆಗೂ ಬಿಚ್ಚಂಗಿಲ್ಲ. ಈಜಿ ಬಂದ ಕೈ ನಡುಗ್ತಿರುತ್ತೆ. ಹ್ಯಾಂಡಲ್ ಬಿಟ್ಟು ಬಕಲ್ ಹುಡುಕೋಕೆ ಹೋದ್ರೆ ಹಿಂದಿನವನು ಬಂದು ಗುದ್ತಾನೆ.

ಮಂಜು: ಸೈಕಲ್‌ಗೆ 10 ಮೀಟರ್ ಅಂತರ ಅಂತಿದೆ?

ರವಿ: ಅದು ಸರಿ. ಮುಂದಿನವನ ಗಾಳಿಮರೇಲಿ ಕೂರಬಾರದು. ಒಳಗೆ ನುಗ್ಗಿದ್ರೆ 20 ಸೆಕೆಂಡಲ್ಲಿ ದಾಟ್ಬೇಕು.

ಹರೀಶ: ಗೊರೂರು ರಸ್ತೆ ಬಸ್ಸಿನೋರಿಗೂ ಹೇಳ್ಬಿಡಿ 😄 ಆಯ್ತು, ವೆಟ್‌ಸೂಟ್, ಹೆಲ್ಮೆಟ್ ಎರಡೂ ಸಾಲು ಬದಲಾಯಿಸ್ತೀನಿ. ಮ್ಯಾಟೂ ಹಾಕಿಸ್ತೀನಿ. ಫೆಡರೇಷನ್ ಮಾತು ಬೇಡ.

ಶ್ವೇತಾ: ಹಂಗಾದ್ರೆ ‘ಅಂತರರಾಷ್ಟ್ರೀಯ ನಿಯಮ’ ಅನ್ನೋದನ್ನೂ ಅಳಿಸು. ಜಲಾಶಯ ನೋಡ್ಕೊಳ್ಳೋ ನೀರಾವರಿ ನಿಗಮದ ಅನುಮತಿ ಪತ್ರ ಇದ್ರೆ ಇಲ್ಲೇ ಹಾಕು, ನೋಡೋಣ.

ಹರೀಶ: ಸೋಮವಾರ ಆಫೀಸಿಗೆ ಹೋಗ್ತೀನಿ.