ಮಾಗಡಿ ಕೆರಿ ಡೇಟಾ: ಲೈಸೆನ್ಸ್ ಹಾಕಿದ್ರೂ ನಕ್ಷೆದವ್ರು ತಗೊಳವಲ್ರು

ಕೆರಿದಂಡಿ_ಗದಗ:
ತಲಿ ಕೆಟ್ಟು ಹೋಗೇತ್ರಿ. ಎರಡು ಚಳಿಗಾಲ ಗದಗ ಜಿಲ್ಲಾದ ಮಾಗಡಿ ಕೆರಿ ದಂಡಿಗೆ ಕುಂತು ಪಟ್ಟೆತಲೆ ಹೆಬ್ಬಾತು ಎಣಿಸೇವಿ, ವಾರಕ್ಕೊಮ್ಮೆ ನೀರಿನ ಮಟ್ಟ ಬರ್ಕೊಂಡೇವಿ, ಜಿಪಿಎಸ್ ಹಿಡ್ಕೊಂಡು ಕೆರಿ ಸುತ್ತ ಅಡ್ಡಾಡಿ ಅಂಚು ಗುರ್ತು ಮಾಡೇವಿ. 2024ರಾಗ ಈ ಕೆರಿ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಮ್ಯಾಲ ಕೇಳೋ ಮಂದೀನೂ ಜಾಸ್ತಿ. ಎಲ್ಲಾ ಕೂಡಿಸಿ ಒಂದ ಸಿಎಸ್‌ವಿ (ಕಾಲಂ ಇರೋ ಸಾದಾ ಪಟ್ಟಿ ಫೈಲ್) ಮಾಡಿ, ಮಂದಿ ಬಳಸ್ಲಿ ಅಂತ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಹಾಕಿ ನೆಟ್‌ಗೆ ಏರಿಸಿದೆ. ಮಂದಿನ ಕೂಡಿ ಮಾಡೋ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕೆಲಸ ಮಾಡೋ ಗೆಳೆಯರು ‘ಲೈಸೆನ್ಸ್ ಸರಿ ಇಲ್ಲ, ತಗೊಳ್ಳಾಕ ಬರೂದಿಲ್ಲ’ ಅಂತಾರ. ಇನ್ನೇನು ಮಾಡ್ಲಿ?

ಉಣಕಲ್_ಹವಾ:
ಎಕ್ಸೆಲ್‌ದಾಗ ಸೇವ್ ಮಾಡೀರಲ್ಲ? ಫೈಲಿನ ಮೊದಲಿಗೆ ಬಿಒಎಂ ಅನ್ನೋ ಗುರ್ತು ಇಲ್ದ ಯುಟಿಎಫ್-8 (ಅಕ್ಷರ ಉಳಿಸೋ ಪದ್ಧತಿ) ಇದ್ರ ಎಕ್ಸೆಲ್‌ದಾಗ ಕನ್ನಡ ಅಕ್ಷರ ಚಿಂದಿ ಆಗ್ತಾವ. ಅವ್ರಿಗೆ ಓದಾಕ ಬಂದಿಲ್ಲ, ಅಷ್ಟ.

ಕೆರಿದಂಡಿ_ಗದಗ:
ಓದಾಕ ಬಂದೈತ್ರಿ. ಲೈಸೆನ್ಸ್ ಅಂತ ಬಾಯಿಬಿಟ್ಟ ಹೇಳ್ಯಾರ.

ಉಣಕಲ್_ಹವಾ:
ಆದ್ರೂ ಒಮ್ಮೆ ನೋಟ್‌ಪ್ಯಾಡ್‌ದಾಗ ತಗದು ನೋಡ್ರಿ. ನಂದೂ ಹಿಂಗ ಆಗಿತ್ತು.

ಸಪ್ತಾಪುರ_ಮಾಸ್ತರ:
ಬಿಒಎಂ ಬಿಡ್ರಿ ಸ್ವಲ್ಪ. ಕ್ರಿಯೇಟಿವ್ ಕಾಮನ್ಸ್ ಅಂದ್ರ ಯಾವುದು? ಅದ್ರಾಗ ಆರೇಳು ನಮೂನಿ ಅದಾವ.

ಕೆರಿದಂಡಿ_ಗದಗ:
ಬೈ-ಎನ್‌ಸಿ 4.0, ಅಂದ್ರ ನಮ್ಮ ಹೆಸರು ಹಾಕಬೇಕು, ವ್ಯಾಪಾರಕ್ಕ ಬಳಸಬಾರದು. ನಾವು ಬಿಸಲಾಗ ಕುಂತು ಎಣಿಸಿದ್ದಕ್ಕ ಮತ್ತೊಬ್ರು ರೊಕ್ಕ ಮಾಡ್ಕೊಂಡಾರು ಅಂತ ಹಾಕೇನಿ. ಎಲ್ಲಾರೂ ಅದನ್ನ ಹಾಕ್ತಾರಲ್ರಿ?

ಸಪ್ತಾಪುರ_ಮಾಸ್ತರ:
ಅದನ್ನ ಮೊದಲ ಹೇಳಬೇಕಿಲ್ಲೇನ್ರಿ! ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಒಡಿಬಿಎಲ್ ಅನ್ನೋ ಮುಕ್ತ ಡೇಟಾ ಲೈಸೆನ್ಸ್ ಮ್ಯಾಲ ನಡದೈತಿ. ಅದನ್ನ ವ್ಯಾಪಾರಕ್ಕೂ ಬಳಸಬಹುದು, ಹಂಗಾಗಿ ಎನ್‌ಸಿ ಅಲ್ಲಿ ಕೂಡೂದಿಲ್ಲ. ಎನ್‌ಸಿ ತಗದು ಬರೇ ಹೆಸರು ಕೇಳೋ ಬೈ 4.0 ಮಾಡಿದ್ರೂ ಅವ್ರು ನಿಮ್ಮ ಕಡಿಂದ ಬ್ಯಾರೆ ಒಪ್ಪಿಗಿ ಪತ್ರ ಕೇಳ್ತಾರ. ಕೆರಿ ಅಂಚಿಗೆ ಸಿಸಿ ಜೀರೋ, ಅಂದ್ರ ಎಲ್ಲಾ ಹಕ್ಕು ಬಿಟ್ಟುಕೊಡೂದು, ಹಾಕಿದ್ರ ಆ ಪತ್ರದ ತಾಪತ್ರಯನೂ ಇಲ್ಲ. ಹಕ್ಕಿ ಎಣಿಕಿ ಬ್ಯಾರೆ ಮಾತು. ಜೀವಿಗಳ ದಾಖಲೆ ಕೂಡಿಸೋ ಜಾಗತಿಕ ಜಾಲ ಜಿಬಿಐಎಫ್ ಸಿಸಿ ಜೀರೋ, ಬೈ, ಬೈ-ಎನ್‌ಸಿ ಮೂರೂ ತಗೊತೈತಿ. ಎಲ್ಲಾ ಒಂದ ಹಾಳ್ಯಾಗ ತುರುಕಿದ್ದ ತಪ್ಪಾತು ನಿಮ್ದು, ಬ್ಯಾರೆ ಬ್ಯಾರೆ ಫೈಲ್ ಮಾಡ್ರಿ.

ರಾಣೇಬೆನ್ನೂರ_ಚಿಗರಿ:
ಎಲ್ಲಾಕ್ಕೂ ಸಿಸಿ ಜೀರೋ ಹಾಕಿ ಕೈ ತೊಳ್ಕೊಳ್ರಿ. ಇಷ್ಟು ಹಕ್ಕಿ ಇದ್ವು ಅನ್ನೂದು ಬರೇ ಸಂಗತಿ. ಬೆವರು ಸುರಿಸಿದ್ದಷ್ಟಕ್ಕ ಕಾಪಿರೈಟ್ ಹುಟ್ಟೂದಿಲ್ಲ ಅಂತ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಾಗ ಸುಪ್ರೀಂ ಕೋರ್ಟ್ 2007ರಾಗ ಹೇಳಿ ಮುಗಿಸೈತಿ.

ಸಪ್ತಾಪುರ_ಮಾಸ್ತರ:
ಕೋರ್ಟಿನ ಮಾತು ಖರೆ. ಆದ್ರ ಯಾರ ಹೆಸರೂ ಬರಬೇಕಂತಿಲ್ಲ ಅಂದ್ರ ಬರೂ ವರ್ಷ ನಸಿಕಿನ್ಯಾಗ ಎದ್ದು ಎಣಿಸಾಕ ಯಾವ ಹುಡುಗ ಬರ್ತಾನ ಹೇಳ್ರಿ?

ರಾಣೇಬೆನ್ನೂರ_ಚಿಗರಿ:
ಹೆಸರಿನ ಆಸೆಕ್ಕ ಬರೋ ಹುಡುಗ ಎಣಿಸಿದ್ದೂ ಅಷ್ಟಕ್ಕಷ್ಟ ಬಿಡ್ರಿ.

ಉಣಕಲ್_ಹವಾ:
ನಮ್ಮ ಮಾಳಿಗಿ ಮ್ಯಾಲ ಹವಾ ಅಳಿಯೋ ಯಂತ್ರ ಐತಿ: ಇಎಸ್‌ಪಿ 8266 ವೈಫೈ ಚಿಪ್, ಪಿಎಂಎಸ್ 5003 ಧೂಳಿನ ಸೆನ್ಸರ್, ಸೋಲಾರ್ ತಟ್ಟಿ, ಎಲ್ಲಾ ಕೈಯಾರೆ ಮಾಡಿದ್ದು. ಹವಾದಾಗ ತೇವ ಹೆಚ್ಚಾದಾಗ ಪಿಎಂ 2.5 (ಸಣ್ಣ ಧೂಳಿನ ಅಳತಿ) ಸುಳ್ಳ ಏರತೈತಿ, ಅದಕ್ಕ ತೇವಾಂಶದ ಸೆನ್ಸರ್ ಬ್ಯಾರೆ ಕೂಡ್ಸೇನಿ. ಎರಡು ವರ್ಷದಾಗ ಒಮ್ಮೆ ಬಂದ್ ಬಿದ್ದಿಲ್ಲ.

ರಾಣೇಬೆನ್ನೂರ_ಚಿಗರಿ:
ಭಾರಿ ಐತ್ರಿ. ಡೇಟಾ ಎಲ್ಲಿ ನೋಡಾಕ ಸಿಗತೈತಿ?

ಉಣಕಲ್_ಹವಾ:
ಸದ್ಯ ನನ್ನ ಪೆನ್‌ಡ್ರೈವ್‌ದಾಗ ಐತಿ.

ಕೆರಿದಂಡಿ_ಗದಗ:
ಮಾಸ್ತರ, ಫೈಲ್ ಒಡಿಯಾಕ ಕುಂತಾಗ ಒಂದು ನೆನಪಾತು. ಮಳಿ ಕಾಲಂ ನಮ್ದಲ್ಲ, ಯಾವುದೋ ವೆಬ್‌ಸೈಟ್‌ದಿಂದ ಎತ್ತಿ ಹಾಕಿದ್ದು.

ಸಪ್ತಾಪುರ_ಮಾಸ್ತರ:
ಶಿವನೇ! ಕಂಡವ್ರ ಎಮ್ಮಿಗೆ ನೀವು ಹಗ್ಗ ಹಾಕಿದಂಗಾತು. ಸರ್ಕಾರದ ಓಪನ್ ಡೇಟಾ ಪೋರ್ಟಲ್‌ದಾಗಿಂದು ಆದ್ರ 2017ರ ಸರ್ಕಾರಿ ಮುಕ್ತ ದತ್ತಾಂಶ ಲೈಸೆನ್ಸ್ ಇರತೈತಿ, ಮೂಲದ ಹೆಸರು ಬರದು ಬಳಸಬಹುದು. ಎಲ್ಲಿಂದು ಅಂತ ಗೊತ್ತಿಲ್ಲಂದ್ರ ಕಾಲಂ ಕಿತ್ತ ಹಾಕ್ರಿ. ಎಣಿಸಿದವ್ರನ್ನ ಕೇಳೀರೋ ಇಲ್ಲೋ?

ಕೆರಿದಂಡಿ_ಗದಗ:
ಇಲ್ಲಲ್ರಿ… ಈಗ ಕೇಳ್ತೇನಿ. ಈಗಾಗ್ಲೇ ಎನ್‌ಸಿ ಫೈಲ್ ಇಳಿಸ್ಕೊಂಡವ್ರು ಅದಾರ, ಅವ್ರದು ಏನು?

ಸಪ್ತಾಪುರ_ಮಾಸ್ತರ:
ಅವ್ರಿಗೇನು ತೊಂದ್ರಿಲ್ಲ. ಬಿಗಿ ಇದ್ದದ್ದನ್ನ ಸಡಲ ಮಾಡಬಹುದು. ಆದ್ರ ಒಮ್ಮೆ ಸಿಸಿ ಜೀರೋ ಅಂತ ಬಿಟ್ರ ವಾಪಸ್ ತಗೊಳ್ಳಾಕ ಬರೂದಿಲ್ಲ, ಅದಕ್ಕ ಮೊದಲ ಎಲ್ಲಾರನ್ನ ಕೇಳ್ರಿ.

ಕೆರಿದಂಡಿ_ಗದಗ (ನಾಲ್ಕು ದಿನದ ಮ್ಯಾಲ):
ಅಂಚಿನ ಫೈಲ್ ಸಿಸಿ ಜೀರೋ ಮಾಡಿ ಕೊಟ್ಟೆ, ನಕ್ಷೆದವ್ರು ತಗೊಂಡ್ರು. ಅದನ್ನ ನಾನೊಬ್ಬನ ಅಡ್ಡಾಡಿ ಮಾಡಿದ್ದು. ಮಳಿ ಕಾಲಂ ಕಿತ್ತೆ. ಎಣಿಕಿಗೆ ಬೈ 4.0 ಅಂತ ನಾಕು ಮಂದಿ ಹೂಂ ಅಂದಾರ. ಐದನೇದವ್ನ ಹೊಲದಾಗ ಕಡ್ಲಿ ರಾಶಿ ನಡದೈತಂತ, ಫೋನ್ ಎತ್ತವಲ್ಲ. ಐತವಾರ ಅವ್ನ ಊರಿಗೆ ಹೋಗಬೇಕು.